ಗಿರಿಜಾ ಮೇಡಂ ಕುದುರೆ

ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದ ಹೆಂಗಸು ಐವತ್ತರ ಹತ್ತಿರ ಬಂದು ಸಮುದ್ರದ ತಳಕ್ಕೆ ಇಳಿಯುತ್ತಾಳೆ ಅಂದರೆ ಯಾರು ತಾನೇ ನಗುವುದಿಲ್ಲ? ಎಲ್ಲರೂ ನಕ್ಕರು. ಬ್ಯಾಂಕಿನವರು ಗಿರಿಜಾಳನ್ನು ವಿಶಾಖಪಟ್ಟಣದ ಶಾಖೆಗೆ ವರ್ಗ ಮಾಡಿದ್ದರು. ಮಂಡಿನೋವಿಗೆ ಈಜು ಒಳ್ಳೆಯದು ಅಂತ ಅಲ್ಲಿನ ಡಾಕ್ಟರು ಹೇಳಿದರು, ಈಜು ಕಲಿತಳು. ಈಜು ಬಂದ ಮೇಲಾದರೂ ಸುಮ್ಮನಿರಬೇಕೋ ಬೇಡವೋ? ಋಷಿಕೊಂಡ ಬೀಚಿನಲ್ಲಿ ಡೈವಿಂಗ್ ಕಲಿಸುವ ಬಾಬ್ಜಿಯ ಶೆಡ್ಡಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನೂ ಕಲಿತಳು. ಅದಾದ ಮೇಲೆ ಒಂದು ಕ್ಯಾಮೆರಾ ಬಂತು. ಕ್ಯಾಮೆರಾ ಒದ್ದೆಯಾಗದಂತೆ ಅದನ್ನು ಒಳಗಿಟ್ಟು ಮುಚ್ಚುವ ಗಟ್ಟಿ ಪೆಟ್ಟಿಗೆ ಬಂತು. ಡೈವಿಂಗಿನವರು ಆ ಪೆಟ್ಟಿಗೆಗೆ ಹೌಸಿಂಗ್ ಅನ್ನುತ್ತಾರೆ. ಗಂಡ ನರಸಿಂಹಮೂರ್ತಿ ಸ್ವಯಂನಿವೃತ್ತಿ ತೆಗೆದುಕೊಂಡ ಗಣಿತದ ಮೇಷ್ಟ್ರು. ಕೆರೆಗೆ ಕೂಡ ಮೊಣಕಾಲಿನ ಮೇಲೆ ಇಳಿದವನಲ್ಲ. ಅವನು ದಡದಲ್ಲಿ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತು, ಹೆಂಡತಿಯ ತಲೆ ನೀರಿನ ಮೇಲೆ ಕಾಣುವವರೆಗೆ ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಿದ್ದ.

ನಗುವವರು ನಗಲಿ, ಗಿರಿಜಾ ಅದಕ್ಕೆಲ್ಲ ಸೊಪ್ಪು ಹಾಕುವ ಪೈಕಿ ಅಲ್ಲ. ಆದರೆ ಒಂದು ಮಾತ್ರ ಅವಳಿಗೆ ಸಹಿಸಲು ಆಗುತ್ತಿರಲಿಲ್ಲ. ತಾನು ಹೇಳಿದ್ದನ್ನು ಯಾರಾದರೂ ನಂಬದೆ ಹೋದರೆ ಮೈಯೆಲ್ಲ ಉರಿಯುತ್ತಿತ್ತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಅವಳು ‘ಸರಿ ಇದೆ’ ಅಂತ ಸಹಿ ಹಾಕಿದ್ದನ್ನು ಮೇಲಿನವರು ಕೂಡ ಮತ್ತೆ ತಿರುಗಿಸಿ ನೋಡಿದ್ದಿಲ್ಲ. ಅಂಥವಳ ಮಾತನ್ನು ಸಮುದ್ರದ ದಂಡೆಯಲ್ಲಿ ಚಡ್ಡಿ ಹಾಕಿಕೊಂಡು ನಿಂತವರು ಸುಳ್ಳು ಅಂದರು.

ನಡೆದದ್ದು ಇಷ್ಟೇ. ಎರಡು ಸಾವಿರದ ಹದಿನಾರನೇ ಇಸವಿಯ ಮಾರ್ಚ್ ತಿಂಗಳು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನೊಳಗೆ ಒಂದು ದೊಡ್ಡ ಬಂಡೆ ಇದೆ, ಬಾಬ್ಜಿಯ ಕಡೆಯವರು ಅದಕ್ಕೆ ಪೆದ್ದರಾಯಿ ಅನ್ನುತ್ತಾರೆ. ಅದರ ಬುಡದಲ್ಲಿ ಬೀಸಣಿಗೆಯಂತೆ ಹರಡಿಕೊಂಡ ಹವಳದ ಗಿಡವಿತ್ತು. ಆ ಗಿಡದ ಕೊಂಬೆಗೆ ಬಾಲ ಸುತ್ತಿಕೊಂಡು, ಬೆರಳುದ್ದದ ಒಂದು ಕಡಲಕುದುರೆ ನಿಂತಿತ್ತು. ಗಿರಿಜಾ ಕಣ್ಣಾರೆ ಕಂಡಳು. ಅದೂ ಅವಳನ್ನು ನೋಡಿತು. ಜೊತೆಗೆ ಇಳಿದಿದ್ದ ಹಿಮಬಿಂದು ಆಗ ಬಂಡೆಯ ಆ ಮಗ್ಗುಲಿಗೆ ಹೋಗಿದ್ದಳು. ಗಿರಿಜಾ ಅವಸರದಲ್ಲಿ ಎರಡು ಸಲ ಬಟನ್ ಒತ್ತಿದಳು, ಕುದುರೆ ಕೊಂಬೆಯ ಹಿಂದಕ್ಕೆ ಸರಿಯಿತು, ಅಷ್ಟೇ.

ದಡಕ್ಕೆ ಬಂದು ನೋಡಿದರೆ ಚಿತ್ರದಲ್ಲಿ ಕುದುರೆಯಿಲ್ಲ, ಕೊಂಬೆಯಿಲ್ಲ, ಎಲ್ಲ ಕಡೆ ಬಿಳಿ ಚುಕ್ಕಿ. ಯಾರೋ ಕಪ್ಪು ತಟ್ಟೆಗೆ ರವೆ ಸುರಿದ ಹಾಗಿತ್ತು.

ಬಾಬ್ಜಿ ಅದನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. “ಮೇಡಂ ಗಾರು, ಕಾಲೇಜು ಬಿಟ್ಟಾಗಿನಿಂದ ಈ ಬಂಡೆ ಹತ್ರ ಇಳೀತಿದ್ದೀನಿ. ಅಕ್ಕಡ ಗುರ್ರಂ ಲೇದು, ಗಾಡಿದ ಲೇದು,” ಅಂದ. ಅಲ್ಲಿ ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ ಅಂತ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಮಬಿಂದು ನಗಲಿಲ್ಲ. ಅವಳು ಬಾಬ್ಜಿಯ ಹತ್ತಿರ ಟ್ರೈನರ್ ಆಗಿದ್ದವಳು. ಅವಳ ತಾಯಿ ರಾಜ್ಯಲಕ್ಷ್ಮಿ ದಾವಣಗೆರೆಯವಳು, ತೆಲುಗರ ಮನೆಗೆ ಮದುವೆಯಾಗಿ ಬಂದು ವಿಶಾಖಪಟ್ಟಣದ ಮಧುರವಾಡದಲ್ಲೇ ನೆಲೆಸಿದವಳು. ಹಾಗಾಗಿ ಹುಡುಗಿಗೆ ಮನೆಮಟ್ಟಿನ ಕನ್ನಡ ಬರುತ್ತಿತ್ತು. ಪೆದ್ದರಾಯಿಯಲ್ಲಿ ಯಾವ ಜೀವಿ ಕಂಡರೂ ಅದರ ಫೋಟೋ, ಕಂಡ ದಿನ, ಕಂಡವರ ಹೆಸರು ಹಾಕಿ ಡೈವಿಂಗಿನವರ ವಾಟ್ಸಾಪ್ ಗುಂಪಿಗೆ ಕಳಿಸುವುದು ಅವಳ ಕೆಲಸವಾಗಿತ್ತು. “ನಾನು ನೋಡಲೇ ಇಲ್ಲ ಆಂಟಿ. ಫೋಟೋದಲ್ಲೂ ಇಲ್ಲ. ಇಲ್ಲದ್ದು ಹೇಗೆ ಹಾಕ್ಲಿ, ನೀವೇ ಚೆಪ್ಪಂಡಿ, ಹೇಳಿ,” ಅಂದಳು ಮೆಲ್ಲಗೆ.

ಅವಳ ಆ ಮೆಲ್ಲಗಿನ ಮಾತು ಗಿರಿಜಾಗೆ ನಗುವಿಗಿಂತ ಹೆಚ್ಚು ಚುಚ್ಚಿತು. ಅಲ್ಲಿಂದ ಶುರುವಾಯಿತು ನೋಡಿ. ಶೆಡ್ಡಿನಲ್ಲಿ ಯಾವ ವಸ್ತು ಕಾಣದೆ ಹೋದರೂ ‘ಗಿರಿಜಾ ಮೇಡಂ ಕುದುರೆ’ ಅನ್ನುವುದೊಂದು ಮಾತಾಯಿತು. ಸ್ಪ್ಯಾನರ್ ಎಲ್ಲೋ ಅಂದರೆ, ಮೇಡಂ ಕುದುರೆ ಹತ್ತಿ ಹೋಯಿತು. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೋ ಅಂದರೆ, ಮೇಡಂ ಕುದುರೆಯಷ್ಟಿದೆ. ಎದುರಿಗೇ ಅನ್ನುತ್ತಿದ್ದರು, ಪ್ರೀತಿಯಿಂದಲೇ ಅನ್ನುತ್ತಿದ್ದರು. ಪ್ರೀತಿಯಿಂದ ಅಂದರೆ ಉರಿ ಕಡಿಮೆಯಾಗುತ್ತದೆಯೇ? ಆ ಕುದುರೆಯನ್ನು ಚಿತ್ರದಲ್ಲಿ ತಂದು ಇವರೆಲ್ಲರ ಮೂಗಿನ ಕೆಳಗೆ ಹಿಡಿಯದಿದ್ದರೆ ನನ್ನ ಹೆಸರು ಗಿರಿಜಾ ಅಲ್ಲ ಅಂತ ಅವಳು ಅವತ್ತೇ ಹಟ ಹಿಡಿದಳು.

ಹಟ ಹಿಡಿದರೇನು, ಬ್ಯಾಂಕು ಬಿಡಬೇಕಲ್ಲ. ಜೂನಿನಲ್ಲಿ ವಿಜಯವಾಡಕ್ಕೆ, ಬೆಂಜ್ ಸರ್ಕಲ್ ಹತ್ತಿರದ ಶಾಖೆಗೆ ವರ್ಗವಾಯಿತು. ಇನ್ನು ಸಮುದ್ರ ಅಂದರೆ ಎರಡನೇ ಶನಿವಾರ, ನಾಲ್ಕನೇ ಶನಿವಾರ ಮಾತ್ರ. ಶುಕ್ರವಾರ ಸಂಜೆ ರೈಲು ಹತ್ತಿ ಮಧುರವಾಡದ ರಾಜ್ಯಲಕ್ಷ್ಮಿಯ ಮನೆಯಲ್ಲಿ ಇಳಿದುಕೊಂಡು, ಬೆಳಿಗ್ಗೆ ಎದ್ದು ನೀರಿಗೆ ಬೀಳುವುದು. ನೀರು ತಿಳಿಯಾಗುವ ಚಳಿಗಾಲ ಬರುವ ಹೊತ್ತಿಗೆ ಸರಿಯಾಗಿ ನೋಟು ಬದಲಾವಣೆಯ ಗಲಾಟೆ ಶುರುವಾಯಿತು. ಆ ವರ್ಷ ಬ್ಯಾಂಕಿನವರಿಗೆ ಶನಿವಾರ ಯಾವುದು, ಸೋಮವಾರ ಯಾವುದು ಅಂತಲೇ ಗೊತ್ತಾಗಲಿಲ್ಲ. ಕುದುರೆ ಅಲ್ಲೇ ಇತ್ತು, ಗಿರಿಜಾ ಇಲ್ಲೇ ಇದ್ದಳು.

ಮುಂದಿನ ಚಳಿಗಾಲದ ಹೊತ್ತಿಗೆ ಅವಳು ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. ನೀರಿನ ಕೆಳಗೆ ಕತ್ತಲು, ತನ್ನದು ಒಂದೇ ದೀಪ, ಅದಕ್ಕೇ ಚಿತ್ರ ಕೆಟ್ಟಿತು. ಎರಡು ದೊಡ್ಡ ದೀಪ ತರಿಸಿದಳು. ಹೌಸಿಂಗಿನ ಕೆಳಗೆ ಕೂರಿಸುವ ಅಲ್ಯೂಮಿನಿಯಂ ಪಟ್ಟಿ, ಅದಕ್ಕೆ ಎರಡು ಹಿಡಿಕೆ, ಮುಂದೆ ಹಾಕುವ ಭೂತಗನ್ನಡಿ, ಕೆಂಪು ಫಿಲ್ಟರು, ಇದ್ದದ್ದೆಲ್ಲ ತರಿಸಿದಳು. ಹಳೆಯ ದೀಪವನ್ನು ಹೌಸಿಂಗಿನ ನೆತ್ತಿಯ ಮೇಲೇ ಬಿಟ್ಟು, ಹೊಸ ಎರಡನ್ನು ಲೆನ್ಸಿನ ಎಡಬಲಕ್ಕೆ ಒತ್ತಿ ಕೂರಿಸಿ ಬಿಗಿದಳು. ಜಾತ್ರೆಯಲ್ಲಿ ದೇವಿಗೆ ಒಡವೆ ಹೇರಿದ ಹಾಗೆ ಕ್ಯಾಮೆರಾ ಕಾಣದಷ್ಟು ಸಾಮಾನು ಹೇರಿದಳು.

ಹೊಸ ವಸ್ತು ಮನೆಗೆ ಬಂದರೆ ಪೂಜೆಯಿಲ್ಲದೆ ಮುಟ್ಟಬಾರದು ಅನ್ನುವುದು ನರಸಿಂಹಮೂರ್ತಿಯ ನಿಯಮ. ಸ್ಕೂಟರು ತಂದಾಗ ಮಾಡಿದ್ದ, ಮಿಕ್ಸಿ ತಂದಾಗಲೂ ಮಾಡಿದ್ದ. ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಮೇಲಿನ ಅಮ್ಮನವರ ಗುಡಿಯ ಕುಂಕುಮ ತಂದು, ಸ್ನಾನ ಮಾಡಿ, ಎರಡು ದೀಪಕ್ಕೂ ಬೊಟ್ಟಿಟ್ಟ. ಹೌಸಿಂಗಿನ ಬಾಗಿಲು ತೆಗೆದಿತ್ತು, ಅದರ ಅಂಚಿಗೂ ಒಂದು ಬೊಟ್ಟು.

“ನಿಂಬೆಹಣ್ಣು ಎಲ್ಲಿ ಇಡೋದು ಇದಕ್ಕೆ? ಚಕ್ರನೇ ಇಲ್ಲವಲ್ಲೇ,” ಅಂದ.

“ನನ್ನ ತಲೆ ಮೇಲೆ ಇಡಿ,” ಅಂದಳು ಗಿರಿಜಾ. ಆದರೆ ಅವಳೂ ಕೈ ಮುಗಿದಳು. ಇಷ್ಟು ದೊಡ್ಡ ಕೆಲಸಕ್ಕೆ ಹೊರಟಾಗ ಯಾರ ಆಶೀರ್ವಾದ ಬೇಡ ಅನ್ನಲಿಕ್ಕಾಗುತ್ತದೆ?

ಹೌಸಿಂಗಿನ ಬಾಗಿಲ ಸುತ್ತ ಒಂದು ತೆಳ್ಳನೆಯ ರಬ್ಬರ್ ಉಂಗುರ ಇರುತ್ತದೆ. ಸಮುದ್ರವನ್ನು ಹೊರಗೆ ನಿಲ್ಲಿಸುವುದು ಅದೊಂದೇ. ಒಂದು ಕೂದಲೆಳೆ, ಒಂದು ಮರಳಕಣ ಅದರಡಿಗೆ ಸಿಕ್ಕರೂ ಮುಗಿಯಿತು. ಗಿರಿಜಾ ಪೂಜೆಯ ಹಿಂದಿನ ದಿನವೇ ಆ ಉಂಗುರವನ್ನು ಒರೆಸಿ, ಜಿಡ್ಡು ಸವರಿ, ಅಂಗೈಯಲ್ಲಿ ಇಟ್ಟುಕೊಂಡು ನೋಡಿ ಕೂರಿಸಿದ್ದಳು. ಜಿಡ್ಡಿಗೆ ಕುಂಕುಮ ಉದುರಿದರೆ ಬಿಡುತ್ತದೆಯೇ? ಶನಿವಾರ ಬೆಳಿಗ್ಗೆ ಅವಸರದಲ್ಲಿ ಬಾಗಿಲು ಮುಚ್ಚಿದಳು, ಕ್ಲಿಪ್ಪು ಹಾಕಿದಳು, ದೋಣಿಯಿಂದ ನೀರಿಗೆ ಧುಮುಕಿದಳು.

ಇಳಿಯುವ ಹಗ್ಗದ ಹತ್ತಿರವೇ ಎರಡು ಮೂರು ಚಿತ್ರ ತೆಗೆದು ನೋಡೋಣ ಅಂತ ಬಟನ್ ಒತ್ತಿದಳು. ಇನ್ನೂ ಸ್ವಲ್ಪ ಕೆಳಗೆ ಹೋದಾಗ ಹೌಸಿಂಗಿನ ಗಾಜಿನೊಳಗೆ ಕೆಂಪು ನೀರು ತುಳುಕುವುದು ಕಂಡಿತು.  ಮೇಲೆ ಬಂದು ಪೆಟ್ಟಿಗೆಯನ್ನು ದೋಣಿಗೆ ಎತ್ತಿಕೊಟ್ಟಾಗ ಬಾಬ್ಜಿ, “ಅಯ್ಯ ಬಾಬೋಯ್, ರಕ್ತಂ!” ಅಂತ ಕೂಗಿಕೊಂಡ. ರಕ್ತವಲ್ಲ ಮಾರಾಯ, ಅಮ್ಮನವರ ಕುಂಕುಮ. ಕ್ಯಾಮೆರಾ ಸತ್ತಿತ್ತು. ಒಳಗಿನ ಕಾರ್ಡು ಮಾತ್ರ ಬದುಕಿತ್ತು. ಅದನ್ನು ಒಣಗಿಸಿ ಹಿಮಬಿಂದುವಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ, ಒಂದು ದೀಪದಲ್ಲಿ ರವೆಯಾಗಿ ಬಿದ್ದಿದ್ದು ಮೂರು ದೀಪದಲ್ಲಿ ಸಬ್ಬಕ್ಕಿಯಾಗಿ ಬಿದ್ದಿತ್ತು.

ದಡದಲ್ಲಿ ನರಸಿಂಹಮೂರ್ತಿ ಬೈಗುಳಕ್ಕೆ ತಲೆಯೊಡ್ಡಿ ನಿಂತಿದ್ದ. ಗಿರಿಜಾ ಬೈಯಲಿಲ್ಲ. ಅವನಿಗೆ ನಿಜವಾಗಿ ಭಯವಾದದ್ದು ಆಗಲೇ. ಮದುವೆಯಾದಾಗಿನಿಂದ ಉಪ್ಪು ಹೆಚ್ಚಾದದ್ದಕ್ಕೆ, ಕಡಿಮೆಯಾದದ್ದಕ್ಕೆ, ಬಾಗಿಲು ಹಾಕದಿದ್ದಕ್ಕೆ ಬೈದವಳು ಇಷ್ಟು ದೊಡ್ಡ ತಪ್ಪಿಗೆ ಸುಮ್ಮನಿದ್ದಾಳೆ ಅಂದರೆ ಏನರ್ಥ?

ವಾಪಸು ಹೋಗುವ ರೈಲಿನಲ್ಲಿ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. “ರೀ, ನೀವಾದ್ರೂ ನಂಬಿದೀರೋ ಇಲ್ವೋ? ನಾನು ಕುದುರೆ ನೋಡಿದೆ ಅಂತ.”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಗಣಿತದ ಮೇಷ್ಟ್ರು. ಸಾಧಿಸದೆ ಇರುವುದಕ್ಕೆ ಹೂಂ ಅನ್ನುವುದು ಅವನ ನಾಲಿಗೆಗೆ ಬರುವುದಿಲ್ಲ. “ನೋಡಿರಬಹುದು ಕಣೇ. ಆದ್ರೆ… ಮಸುಕು ನೀರು. ಪಾಚಿ ತುಂಡು ಕೂಡ ಒಂದೊಂದು ಸಲ ಹಾಗೇ ಕಾಣಬಹುದಲ್ವಾ?”

ಗಿರಿಜಾ ಕಿಟಕಿಯ ಕಡೆ ತಿರುಗಿ ಕೂತಳು. ತುನಿ ಬಂತು, ರಾಜಮಂಡ್ರಿ ಬಂತು, ಗೋದಾವರಿಯ ಸೇತುವೆ ಮುಗಿಯಿತು. ಅವಳು ತಿರುಗಲಿಲ್ಲ. ಊರೆಲ್ಲ ನಕ್ಕದ್ದು ಒಂದು ತೂಕ, ಈ ಪಾಚಿ ತುಂಡು ಒಂದು ತೂಕ. ಕಣ್ಣಲ್ಲಿ ನೀರು ಬಂದದ್ದನ್ನು ಅವನಿಗೆ ಕಾಣದಂತೆ ಸೆರಗಿನಲ್ಲಿ ಒರೆಸಿಕೊಂಡಳು.

ಅಲ್ಲಿಗೆ ಬಿಟ್ಟಳು ಅಂದುಕೊಂಡರೆ ನಿಮಗೆ ಗಿರಿಜಾ ಗೊತ್ತಿಲ್ಲ. ಅದೇ ಹೌಸಿಂಗಿಗೆ ಹೊಂದುವ ಹಳೆಯ ಕ್ಯಾಮೆರಾ ಒಂದನ್ನು ಮದುವೆ ಫೋಟೋಗ್ರಾಫರೊಬ್ಬರಿಂದ ಕೊಂಡಳು. ಸಂಕ್ರಾಂತಿಗೆ ಬಾ ಅಂತ ರಾಜ್ಯಲಕ್ಷ್ಮಿ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಭೋಗಿಯ ದಿನ ಬೆಳಗಿನ ಜಾವಕ್ಕೇ ಗಂಡಹೆಂಡತಿ ಕಾರಿನಲ್ಲಿ ವಿಜಯವಾಡ ಬಿಟ್ಟರು. ಹಿಂದಿನ ಸೀಟಿನಲ್ಲಿ ಎಳ್ಳುಬೆಲ್ಲದ ಡಬ್ಬಿ, ಅದರ ಪಕ್ಕ ದೀಪಗಳು.

ಏಲೂರಿನ ಹತ್ತಿರ ಬರುವ ಹೊತ್ತಿಗೆ ಗದ್ದೆಗಳ ಮೇಲಿನ ಮಂಜು ರಸ್ತೆಗೆ ಬಂದಿತ್ತು. ಸಾಲದ್ದಕ್ಕೆ ಭೋಗಿ ಬೆಂಕಿ. ಪ್ರತಿ ಊರಿನ ಮುಂದೆಯೂ ಹಳೆಯ ಚಾಪೆ, ಮುರಿದ ಕುರ್ಚಿ, ಸೌದೆ ರಾಶಿ ಹಾಕಿ ಹೊತ್ತಿಸಿದ್ದರು. ಹೊಗೆ ಮಂಜಿನೊಳಗೆ ಕಲಸಿಕೊಂಡು ಮುಂದೆ ಏನೂ ಕಾಣದಾಯಿತು. ನರಸಿಂಹಮೂರ್ತಿ ಚೆನ್ನಾಗಿ ಕಾಣಲಿ ಅಂತ ಹೆಡ್‌ಲೈಟನ್ನು ಪೂರ್ತಿ ಏರಿಸಿದ. ಎದುರಿಗೆ ಬೆಳ್ಳನೆಯ ಗೋಡೆ ಎದ್ದಿತು.

“ಡಿಮ್ ಮಾಡ್ರೀ! ಯಾರಾದ್ರೂ ಮಂಜಲ್ಲಿ ಬ್ರೈಟ್ ಹಾಕ್ತಾರೇನ್ರೀ? ಎಲ್ಲ ವಾಪಸ್ ಕಣ್ಣಿಗೇ ಬಡೀತಿದೆ!”

ಅವನು ಡಿಮ್ ಮಾಡಿದ. ರಸ್ತೆಯ ಅಂಚಿನ ಬಿಳಿ ಗೆರೆ ಕಂಡಿತು. ಬೈಯುತ್ತಿದ್ದವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

“ಮತ್ತೆ ಬ್ರೈಟ್ ಹಾಕಿ.”

“ಈಗ ತಾನೇ—”

“ಹಾಕ್ರೀ ಅಂದ್ರೆ. ಹಾಂ. ಈಗ ಡಿಮ್. ಗಾಡಿ ಸೈಡಿಗೆ ನಿಲ್ಲಿಸಿ.”

ಅವಳು ಇಳಿದು ಹಿಂದಿನ ಸೀಟಿನಿಂದ ಒಂದು ದೀಪ ತೆಗೆದುಕೊಂಡು ರಸ್ತೆಯ ಬದಿಗೆ ಹೋದಳು. ಹತ್ತು ಹೆಜ್ಜೆಯಾಚೆ ಒಂದು ಮೈಲಿಗಲ್ಲು ಇತ್ತು. ದೀಪವನ್ನು ಕಣ್ಣಿನ ಪಕ್ಕಕ್ಕೇ ಒತ್ತಿ ಹಿಡಿದು ನೋಡಿದಳು. ಬರೀ ಬಿಳುಪು, ಕಲ್ಲಿಲ್ಲ. ಕೈಯನ್ನು ಉದ್ದಕ್ಕೆ ಚಾಚಿ ದೀಪವನ್ನು ದೂರ ಹಿಡಿದು, ಅದರ ಮುಖವನ್ನು ಸ್ವಲ್ಪ ಆಚೆಗೆ ತಿರುಗಿಸಿದಳು. ಬೆಳಕಿನ ನಡುಭಾಗ ಗದ್ದೆಯ ಕಡೆ ಹೋಯಿತು, ಅಂಚು ಮಾತ್ರ ಕಲ್ಲನ್ನು ಮುಟ್ಟಿತು. ಕಣ್ಣಿಗೂ ಕಲ್ಲಿಗೂ ನಡುವಿನ ಮಂಜು ಕತ್ತಲಲ್ಲೇ ಉಳಿಯಿತು. ಕಲ್ಲಿನ ಮೇಲಿನ ಅಕ್ಷರಗಳು ಒಂದೊಂದಾಗಿ ಓದಲಿಕ್ಕೆ ಬಂದವು.

ಬೆಂಕಿಯ ಸುತ್ತ ನಿಂತಿದ್ದ ಊರಿನವರು ಇದನ್ನು ಕುತೂಹಲದಿಂದ ನೋಡುತ್ತಲೇ ಇದ್ದರು. ಒಬ್ಬ ಅಜ್ಜಿ ತೆಲುಗಿನಲ್ಲಿ, ಏನಮ್ಮಾ ಕಳಕೊಂಡೆ ಅಂತ ಕೂಗಿ ಕೇಳಿದಳು. ಗಿರಿಜಾ ಗಂಡನ ಕಡೆ ತಿರುಗಿದಳು. “ರೀ, ನೀರಲ್ಲಿರೋ ಧೂಳಿಗೇ ನಾನು ಇಷ್ಟು ದಿನ ಲೈಟ್ ಹೊಡೀತಿದ್ದೆ ಕಣ್ರೀ! ಕುದುರೆಗಲ್ಲ, ಧೂಳಿಗೆ! ಲೈಟು ಹೆಚ್ಚಾಗೋದಲ್ಲ, ದೂರ ಹೋಗ್ಬೇಕು!” ಅಂದು ರಸ್ತೆಯಲ್ಲೇ ಅವನ ತೋಳು ಹಿಡಿದು ಅಲುಗಾಡಿಸಿದಳು. ರೈಲಿನ ಆ ದಿನದ ನಂತರ ಅವಳು ಅವನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ಅವನಿಗೆ ದೀಪದ ವಿಚಾರ ಅರ್ಥವಾಯಿತೋ ಇಲ್ಲವೋ, ಜೀವ ಮಾತ್ರ ಬಂದ ಹಾಗಾಯಿತು.

ಆ ಸಂಕ್ರಾಂತಿಗೆ ರಾಜ್ಯಲಕ್ಷ್ಮಿಯ ಮನೆಯ ತಾರಸಿ ವರ್ಕ್‌ಶಾಪ್ ಆಯಿತು. ಕೆಳಗೆ ಅರಿಸೆಲು ಅನ್ನುವ ಕಜ್ಜಾಯ ಕರಿಯುವ ವಾಸನೆ, ಮೇಲೆ ಗಿರಿಜಾ ಚಕ್ಕಂಬಕ್ಕಳ ಹಾಕಿ ಕೂತು ತಾನೇ ಬಿಗಿದದ್ದನ್ನೆಲ್ಲ ಬಿಚ್ಚುತ್ತಿದ್ದಳು. ನೆತ್ತಿಯ ದೀಪ ತೆಗೆದಳು. ಕೆಂಪು ಫಿಲ್ಟರು ತೆಗೆದಳು. ಎರಡು ಹಿಡಿಕೆಗಳ ಮೇಲೆ ಮೊಣಕೈಯಂತೆ ಮಡಚುವ ಉದ್ದನೆಯ ಲೋಹದ ತೋಳುಗಳನ್ನು ಕ್ಲ್ಯಾಂಪು ಹಾಕಿ ಕೂರಿಸಿದಳು. ತೋಳಿನ ತುದಿಗೆ ದೀಪ. ತೋಳು ಪೂರ್ತಿ ಚಾಚಿದರೆ ದೀಪಗಳು ಕ್ಯಾಮೆರಾಕ್ಕಿಂತ ಸ್ವಲ್ಪ ಹಿಂದಕ್ಕೂ ಬಹಳ ಪಕ್ಕಕ್ಕೂ ಹೋಗುತ್ತಿದ್ದವು. ಮುಖ ಒಳಕ್ಕಲ್ಲ, ಹೊರಕ್ಕೆ.

ಎಲ್ಲ ಚೆನ್ನ, ಆದರೆ ತೂಕ! ಎತ್ತಿ ಹಿಡಿದರೆ ಮಣಿಕಟ್ಟು ಮುರಿಯುವಂತಿತ್ತು. ನೀರಿನಲ್ಲಿ ಇದು ಮುಂದಕ್ಕೆ ಮುಗ್ಗರಿಸುತ್ತದೆ, ಕೈ ನಡುಗಿದರೆ ಚಿತ್ರ ಹೋಯಿತು. ನರಸಿಂಹಮೂರ್ತಿ ದೂರದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಕ್ಯಾಮೆರಾ ಮುಟ್ಟಲಿಕ್ಕೆ ಅವನಿಗೆ ಧೈರ್ಯವಿರಲಿಲ್ಲ. ಎದ್ದು ಎಲ್ಲಿಗೋ ಹೋದವನು ಮಧ್ಯಾಹ್ನ ಮೀನುಗಾರಿಕೆ ಬಂದರಿನಿಂದ ಒಂದು ಚೀಲ ತಂದು ಅವಳ ಮುಂದೆ ಸುರಿದ. ಬಲೆಯ ಮೇಲಂಚಿಗೆ ಕಟ್ಟುವ, ತೂತಿರುವ ಹಗುರ ಬೆಂಡುಗಳು.

“ಇವನ್ನ ತೋಳಿಗೆ ಪೋಣಿಸೋಣ. ಎಷ್ಟು ಅಂತ ನಾನು ಲೆಕ್ಕ ಹಾಕ್ತೀನಿ,” ಅಂದ.

ತಾರಸಿಯ ಡ್ರಮ್ಮಿನಲ್ಲಿ ನೀರು ತುಂಬಿಸಿ, ಹೌಸಿಂಗನ್ನು ಇಳಿಬಿಟ್ಟು, ಬೆಂಡು ಏರಿಸಿ ಇಳಿಸಿ ನೋಡಿದ. ಒಂದು ಹಂತದಲ್ಲಿ ಅದು ಮುಳುಗದೆ ತೇಲದೆ ನಡುನೀರಿನಲ್ಲಿ ನಿಂತಿತು. ಗಿರಿಜಾ ಸರಿಯಾಯಿತು ಅಂದಳು. ಅವನು ತಲೆಯಲ್ಲಾಡಿಸಿ ಕೆಳಗೆ ಹೋಗಿ, ರಾಜ್ಯಲಕ್ಷ್ಮಿಯ ಅಡುಗೆಮನೆಯ ಕಲ್ಲುಪ್ಪಿನ ಡಬ್ಬಿಯನ್ನೇ ತಂದು ಡ್ರಮ್ಮಿಗೆ ಬಗ್ಗಿಸಿದ.

“ಇದೇನ್ರೀ, ಕ್ಯಾಮೆರಾನ ಉಪ್ಪಿನಕಾಯಿ ಹಾಕ್ತೀರಾ?”

“ಇದು ಬೋರ್‌ವೆಲ್ ನೀರು ಕಣೇ. ಸಮುದ್ರದ ನೀರು ಇದಕ್ಕಿಂತ ಭಾರ, ಅಲ್ಲಿ ಇದು ಮೇಲಕ್ಕೆ ಎಳೀತದೆ. ನೋಡು ಬೇಕಾದ್ರೆ.” ಉಪ್ಪು ಕರಗಿದ ಹಾಗೆ ಹೌಸಿಂಗ್ ಮೆಲ್ಲಗೆ ಮೇಲೆದ್ದು ಬಂತು. ಅವನು ಎರಡು ಬೆಂಡು ಬಿಚ್ಚಿದ. ಅದು ಮತ್ತೆ ನಡುನೀರಿನಲ್ಲಿ ನಿಂತಿತು. ಗಿರಿಜಾ ಅದನ್ನು ಕಿರುಬೆರಳಿನಿಂದ ತಳ್ಳಿ ನೋಡಿದಳು, ಕಿರುಬೆರಳಿಗೇ ತಿರುಗಿತು. ಭಲೇ ಮೇಷ್ಟ್ರೇ ಅಂತ ಅವಳಿಗೆ ಅನ್ನಿಸಿತು, ಬಾಯಿ ಬಿಟ್ಟು ಹೇಳಲಿಲ್ಲ. ಪಾಚಿ ತುಂಡು ಇನ್ನೂ ಮನಸ್ಸಿನಿಂದ ಹೋಗಿರಲಿಲ್ಲ.

ಫೆಬ್ರುವರಿ, ಮಾರ್ಚಿನಲ್ಲಿ ರಜೆಯ ಶನಿವಾರಗಳೆಲ್ಲ ಇಳಿದಳು. ಚಿತ್ರಗಳು ಅಂದರೆ ಚಿತ್ರಗಳು! ಏಡಿಯ ಕಣ್ಣಿನ ಕಡ್ಡಿ ಬೇರೆ, ಗುಡ್ಡೆ ಬೇರೆ ಕಾಣುವಷ್ಟು ಸ್ಪಷ್ಟ. ಹಿಮಬಿಂದು ಗುಂಪಿಗೆ ಒಂದರ ಮೇಲೊಂದು ಹಾಕಿದಳು. ಬಾಬ್ಜಿ ಕೂಡ, “ಲೈಟಿಂಗ್ ಸೂಪರ್ ಮೇಡಂ,” ಅಂದ. ಅಂದು ಸುಮ್ಮನಾಗಬೇಕಲ್ಲ, “ಗುರ್ರಂ ಮಾತ್ರ ಇನ್ನೂ ಲಾಯದಿಂದ ಹೊರಗೆ ಬಂದಿಲ್ಲ,” ಅಂದ. ಹವಳದ ಗಿಡ ಅಲ್ಲೇ ಇತ್ತು. ಪ್ರತಿ ಕೊಂಬೆ ನೋಡಿದರೂ ಕುದುರೆ ಇರಲಿಲ್ಲ.

ಏಪ್ರಿಲ್‌ನಲ್ಲಿ ವರ್ಗಾವಣೆಯ ಆದೇಶ ಬಂತು. ಚಿತ್ರದುರ್ಗಕ್ಕೆ! ಸ್ವಂತ ಊರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಶಾಖೆಯವರೆಲ್ಲ ಕೈಕುಲುಕಿದರು. ಗಿರಿಜಾ ಸ್ವೀಟು ಹಂಚಿ, ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಊರಿಗೆ ಹೋಗುವುದು ಬೇಡ ಅಂತಲ್ಲ. ಸುಳ್ಳಿ ಅನ್ನಿಸಿಕೊಂಡು ಹೋಗುವುದು ಬೇಡವಾಗಿತ್ತು. ಉಳಿದದ್ದು ನಾಲ್ಕನೇ ಶನಿವಾರ ಒಂದೇ. ಅದು ಕಳೆದರೆ ಅವಳು ಹೋದ ಮೇಲೂ ಆ ಶೆಡ್ಡಿನಲ್ಲಿ ಸ್ಪ್ಯಾನರ್ ಕಳೆದಾಗಲೆಲ್ಲ ಅವಳ ಹೆಸರು ಹೇಳಿ ನಗುತ್ತಾರೆ.

ಆ ಶನಿವಾರ ನೋಡಿದರೆ ಸಮುದ್ರ ಮಜ್ಜಿಗೆ ಕಡೆದ ಹಾಗಿತ್ತು. ಹಿಂದಿನ ದಿನದ ಅಲೆಗೆ ತಳದ ಕೆಸರೆಲ್ಲ ಎದ್ದಿತ್ತು.

“ಇವತ್ತು ಕೈ ಚಾಚಿದ್ರೆ ಕೈ ಕಾಣಲ್ಲ ಮೇಡಂ. ವೇಸ್ಟು,” ಅಂದ ಬಾಬ್ಜಿ.

“ದೋಣಿ ಬಿಡ್ತೀಯೋ, ಇಲ್ಲ ನಾನೇ ಈಜಿಕೊಂಡು ಹೋಗ್ಲೋ?”

ಅವಳ ಮುಖ ನೋಡಿ ಬಾಬ್ಜಿ ದೋಣಿಯ ಹಗ್ಗ ಬಿಚ್ಚಿದ. ಬೇರೆ ಯಾರನ್ನೂ ಕಳಿಸದೆ ತಾನೇ ಸಿಲಿಂಡರ್ ಕಟ್ಟಿಕೊಂಡು ಜೊತೆಗೆ ಬಂದ. ನರಸಿಂಹಮೂರ್ತಿ ದಡದಲ್ಲಿ ಸಹಸ್ರನಾಮ ಶುರು ಮಾಡಿದ. ಗಿರಿಜಾ ರಬ್ಬರ್ ಉಂಗುರವನ್ನು ಮೂರು ಸಲ ನೋಡಿ ಬಾಗಿಲು ಮುಚ್ಚಿದಳು.

ಕೆಳಗೆ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ಹಗ್ಗ ಹಿಡಿದು ಇಳಿದರು, ಬಂಡೆಯ ಮೈ ತಡವಿಕೊಂಡು ಹೋದರು. ಹವಳದ ಗಿಡ ಮೂಗಿಗೆ ತಗಲುವಷ್ಟು ಹತ್ತಿರ ಬಂದ ಮೇಲೆ ಕಂಡಿತು. ಗಿರಿಜಾ ತೋಳುಗಳನ್ನು ಎರಡೂ ಕಡೆಗೆ ಪೂರ್ತಿ ಚಾಚಿದಳು. ದೀಪಗಳನ್ನು ಹೊರಮುಖ ಮಾಡಿ ಹೊತ್ತಿಸಿದಳು. ಎಡಕ್ಕೂ ಬಲಕ್ಕೂ ಕೆಸರು ಬೆಳ್ಳಗೆ ಹೊಳೆಯಿತು, ನಡುವೆ ಅವಳಿಗೂ ಗಿಡಕ್ಕೂ ಮಧ್ಯೆ ಒಂದು ಕಪ್ಪು ಓಣಿ ಉಳಿಯಿತು. ಆ ಓಣಿಯ ಕೊನೆಯಲ್ಲಿ ಕೊಂಬೆಗಳು ಕಿತ್ತಳೆ ಬಣ್ಣದಲ್ಲಿ ಬಿಡಿಬಿಡಿಯಾಗಿ ಕಂಡವು. ಅವಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೊಂಬೆ ನೋಡುತ್ತ ಬಂದಳು. ಕೈಯಲ್ಲಿದ್ದ ಯಂತ್ರಕ್ಕೆ ತೂಕವೇ ಇರಲಿಲ್ಲ, ನೋಡಿದ ಕಡೆಗೆ ತಾನಾಗಿ ತಿರುಗುತ್ತಿತ್ತು.

ಕೆಳಗಿನ ಕವಲಿನಲ್ಲಿ ಅವಳ ಕಣ್ಣು ನಿಂತಿತು. ಬಾಬ್ಜಿಯನ್ನು ಮೊಣಕೈಯಿಂದ ತಿವಿದು ತೋರಿಸಿದಳು. ಅವನು ಬಗ್ಗಿ ನೋಡಿದ. ಇಲ್ಲ ಅಂತ ಕೈಯಾಡಿಸಿದ. ಅವಳು ತೋರಿಸಿದ್ದು ಅವನ ಮುಖದಿಂದ ಒಂದು ಗೇಣಿನಲ್ಲಿ ಇತ್ತು, ಆದರೂ ಅವನಿಗೆ ಕೊಂಬೆಯಷ್ಟೇ ಕಂಡಿತ್ತು. ಗಿರಿಜಾ ಎಡಗಡೆಯ ದೀಪವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಬೆಳಕಿನ ಅಂಚು ಕೊಂಬೆಯ ಮೈಮೇಲೆ ಜಾರಿಕೊಂಡು ಬಂತು. ಕೊಂಬೆಗೆ ಒಂದು ಮೂತಿ ಮೂಡಿತು, ಒಂದು ಕಣ್ಣು ಮೂಡಿತು, ಆ ಕಣ್ಣು ಹೊರಳಿ ಅವರಿಬ್ಬರನ್ನೂ ನೋಡಿತು.

ಬಾಬ್ಜಿಯ ಬಾಯಿಂದ ಗಾಳಿಯ ಗುಳ್ಳೆಗಳು ಭರ್ರನೆ ಎದ್ದವು. ನೀರಿನೊಳಗೂ ಅವನು ‘ಅಯ್ಯ ಬಾಬೋಯ್’ ಅಂದದ್ದು ಗಿರಿಜಾಗೆ ಕೇಳಿಸಿದಂತಾಯಿತು. ಅವಳು ಉಸಿರು ಸಣ್ಣಗೆ ಮಾಡಿ ಬಟನ್ ಒತ್ತಿದಳು. ಕುದುರೆ ಮಗ್ಗುಲಾಯಿತು. ಗಂಡು. ಕಡಲಕುದುರೆಗಳಲ್ಲಿ ಬಸುರಾಗುವುದು ಗಂಡೇ; ಮರಿ ತುಂಬಿದ ಹೊಟ್ಟೆ ಉಬ್ಬಿಕೊಂಡಿತ್ತು. ಮತ್ತೊಮ್ಮೆ ಒತ್ತಿದಳು. ಬಸುರಾದ ಜೀವ, ಬೆಳಕಿನಲ್ಲಿ ಬಹಳ ಹೊತ್ತು ನಿಲ್ಲಿಸಬಾರದು ಅಂತ ದೀಪ ಆರಿಸಿಬಿಟ್ಟಳು. ಬಾಬ್ಜಿ ಆ ಮಬ್ಬಿನಲ್ಲೇ ಅವಳ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

ಮೇಲೆ ಬಂದದ್ದೇ ತಡ, ಅವನು ಬಾಯಿಂದ ನಳಿಗೆ ಕಿತ್ತು ದಡಕ್ಕೆ ಕೇಳುವಂತೆ ಕೂಗಿದ. “ಗುರ್ರಂ ಉಂದಿ! ಮೇಡಂ ಗಾರಿ ಗುರ್ರಂ ಉಂದಿ! ನಾ ಕಳ್ಳತೋ ಚೂಶಾನು!” ಇದೆ, ನನ್ನ ಕಣ್ಣಿಂದಲೇ ನೋಡಿದೆ ಅಂತ ಅವನು ದೋಣಿ ಮರಳಿಗೆ ತಾಗುವವರೆಗೂ ಕೂಗುತ್ತಲೇ ಇದ್ದ. ಗಿರಿಜಾ ದೋಣಿಯ ತುದಿಯಲ್ಲಿ ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡು, ಒದ್ದೆ ಕೂದಲಿನಲ್ಲಿ, ಮಹಾರಾಣಿಯ ಹಾಗೆ ಕೂತಿದ್ದಳು.

ಶೆಡ್ಡಿನವರೆಲ್ಲ ಓಡಿ ಬಂದು ಪರದೆಯ ಮೇಲೆ ಮುಗಿಬಿದ್ದರು. ಒಂದು ಚುಕ್ಕಿ ಇರಲಿಲ್ಲ. ಕಪ್ಪು ನೀರು, ಕಿತ್ತಳೆ ಕೊಂಬೆ, ಬಾಲ ಸುತ್ತಿಕೊಂಡು ತಲೆಯೆತ್ತಿ ನಿಂತ ಕುದುರೆ. ನೆತ್ತಿಯ ಮೇಲಿನ ಮುಳ್ಳುಗಳನ್ನು ಕೂಡ ಎಣಿಸಬಹುದಿತ್ತು. ಯಾರೂ ನಗಲಿಲ್ಲ. ಒಬ್ಬ ಸಿಳ್ಳೆ ಹಾಕಿದ, ಆಮೇಲೆ ಎಲ್ಲರೂ ಹಾಕಿದರು. ನರಸಿಂಹಮೂರ್ತಿ ಎಲ್ಲರಿಗಿಂತ ಹಿಂದೆ ನಿಂತಿದ್ದ. ಗಿರಿಜಾ ಜನರನ್ನು ಸರಿಸಿ ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟಳು. ಅವನು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ. 

ಹಿಮಬಿಂದು ಅಷ್ಟರಲ್ಲಿ ಫೋನು ತೆಗೆದು ಗುಂಪಿಗೆ ಬರೆಯಲು ಶುರು ಮಾಡಿದ್ದಳು. “ಕಡಲಕುದುರೆ, ಪೆದ್ದರಾಯಿ. ನೋಡಿದವರು ಗಿರಿಜಾ ಆಂಟಿ. ಡೇಟು ಇವತ್ತಿಂದು ಹಾಕ್ತಿದ್ದೀನಿ.”

“ಇವತ್ತಿಂದಲ್ಲಮ್ಮ,” ಅಂದ ನರಸಿಂಹಮೂರ್ತಿ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಪಾಠ ಹೇಳುವವನ ಹಾಗೆ ಬಿಡಿಸಿ ಬಿಡಿಸಿ ಹೇಳಿದ. “ಎರಡು ಸಾವಿರದ ಹದಿನಾರು, ಮಾರ್ಚ್ ಅಂತ ಹಾಕು. ನಮ್ಮ ಗಿರಿಜಾ ನೋಡಿದ್ದು ಆವತ್ತು. ಇವತ್ತು ನೋಡಿದ್ದು ನಾವು.”

ಹಿಮಬಿಂದು ಬರೆದದ್ದನ್ನು ಅಳಿಸಿ ಹಾಗೇ ಹಾಕಿದಳು.